ಕಾಯಿ ಒಡೆಯದೆ ಒಳಗು ಕಂಡ ಬಗೆ

ಅಟ್ಟಕ್ಕೆ ಕಾಯಿ ಹಾಕಿ ಹತ್ತು ತಿಂಗಳಾಗಿತ್ತು. ಗುಬ್ಬಿಯ ಕಡೆ ತೋಟವಿರುವ ಮನೆಗಳಲ್ಲಿ ಇದು ವರ್ಷಾವರ್ಷದ ಕೆಲಸ. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹರವಿಬಿಟ್ಟರೆ ಒಳಗಿನ ನೀರು ತಿಂಗಳಿಂದ ತಿಂಗಳಿಗೆ ಇಂಗುತ್ತಾ ಹೋಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ತಿಪಟೂರಿನ ಮಾರುಕಟ್ಟೆಗೆ. ಆದರೆ ಅವಸರಪಟ್ಟು ಒಡೆದರೆ ಹತ್ತು ತಿಂಗಳ ಕಾಯುವಿಕೆ ದಂಡ. ಆದ್ದರಿಂದ ಒಡೆಯುವ ಮೊದಲೇ ಒಳಗು ತಿಳಿಯಬೇಕು. ಅಮ್ಮ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಗುಳುಗುಳು ಎಂದರೆ ನೀರಿನ್ನೂ ಇದೆ. ಲೊಟಲೊಟ ಎಂದರೆ ಉಂಡೆ ಬಿಟ್ಟಿದೆ. ಆಗಿದ್ದು ಎಡಕ್ಕೆ, ಆಗದ್ದು ಬಲಕ್ಕೆ.

ಅಣ್ಣನ ಮಗಳು ಏಣಿಯ ಮೇಲೆ ಕುಳಿತು ನೋಟ್ಸ್ ಓದುತ್ತಿದ್ದಳು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಇಮೇಜಿಂಗ್ ಟೆಕ್ನಾಲಜಿ ಓದುತ್ತಾಳೆ, ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ತೆಗೆಯುವ ಕೆಲಸಕ್ಕೆ ತಯಾರಾಗುವ ಓದು. ಪರೀಕ್ಷೆ ಹತ್ತಿರ ಬಂದಿದ್ದರಿಂದ ಶನಿವಾರ ಊರಿಗೆ ಬಂದವಳು ಪುಸ್ತಕವನ್ನೂ ಹೊತ್ತು ತಂದಿದ್ದಳು.

“ಚಿಕ್ಕಪ್ಪ, ರಾಮ್-ಲ್ಯಾಕ್ ಅಂದ್ರೆ ಏನು ಗೊತ್ತಾ ನಿಮಗೆ?”

“ನೀನೇ ಹೇಳಮ್ಮ.”

“ಫಿಲ್ಟರು. ಸಿ.ಟಿ. ಇಮೇಜ್ ಕಟ್ಟೋವಾಗ ಬರುತ್ತೆ. ಐದು ಮಾರ್ಕ್ಸಿಗೆ ಕೇಳ್ತಾರೆ. ಬಾಯಿಪಾಠ ಮಾಡ್ಕೊಂಡಿದೀನಿ. ಯಾವುದೋ ಕಂಪನಿ ಹೆಸರಿರಬೇಕು.”

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ರಾಮ್ ಎಂದರೆ ರಾಮಚಂದ್ರನ್, ಲ್ಯಾಕ್ ಎಂದರೆ ಲಕ್ಷ್ಮೀನಾರಾಯಣನ್. ಗುಬ್ಬಿಯಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಹತ್ತಿರದಲ್ಲೇ ಸಿಗುವ, ನಮ್ಮ ಹಿರಿಯರೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರಿನಲ್ಲಿ ಹೊರಬಂದ ಐದು ಪುಟದ ಲೇಖನವೊಂದರಿಂದ ಹುಟ್ಟಿದ ಹೆಸರು ಅದು. ಜಗತ್ತಿನ ಯಾವ ಮೂಲೆಯಲ್ಲಿ ಸಿ.ಟಿ. ಕಲಿಸಿದರೂ ಈ ಹೆಸರು ಹೇಳಿಯೇ ಮುಂದಕ್ಕೆ ಹೋಗಬೇಕು. ಹೇಳುವವರಿಗೂ ಕೇಳುವವರಿಗೂ ಅದು ಇಬ್ಬರು ಮನುಷ್ಯರ ಹೆಸರೆಂದು ಗೊತ್ತಿಲ್ಲದೆ ಹೋದರೆ ನನಗೆ ನಿಜಕ್ಕೂ ಸಂಕಟ. ಆ ದಿನ ಅಟ್ಟದ ಕೆಳಗೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಕ್ಸ್‌ರೇಯಿಂದಲೇ ಶುರುಮಾಡಬೇಕು. 1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರಾಂಟ್ಜೆನ್ ಈ ಕಿರಣವನ್ನು ಗುರುತಿಸಿದರು. ಆರು ವಾರಕ್ಕೆ ಹೆಂಡತಿಯ ಕೈಯ ಚಿತ್ರ ತೆಗೆದರು. ಬೆರಳ ಮೂಳೆಗಳು, ಒಂದು ಬೆರಳಿನಲ್ಲಿ ಉಂಗುರ. ಆದರೆ ಅದು ಚಿತ್ರವಲ್ಲ, ನೆರಳು. ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರದೆಯ ಹಿಂದೆ ಒಂದು ಗೊಂಬೆಯ ಬೆನ್ನಿಗೆ ಇನ್ನೊಂದು ಬಂದು ನಿಂತರೆ ಮುಂದೆ ಕೂತವರಿಗೆ ಎರಡೂ ಕಲಸಿಹೋದ ಒಂದೇ ಆಕಾರ ಕಾಣುತ್ತದೆ. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಎಷ್ಟು ದಪ್ಪ ಎಂಬುದೆಲ್ಲ ನೆರಳಿನಲ್ಲಿ ಕರಗಿಹೋಗಿರುತ್ತದೆ.

ಕೈಕಾಲಿನ ಮೂಳೆ ಮುರಿದಿದ್ದರೆ ನೆರಳು ಸಾಕು. ತಲೆಗೆ ಸಾಲದು. ಮಿದುಳು ಮೆತ್ತಗಿನ ವಸ್ತು, ಅದರ ಸುತ್ತ ಗಟ್ಟಿ ಬುರುಡೆ. ತಿರುಳಿನ ಸುದ್ದಿಯನ್ನೆಲ್ಲ ಚಿಪ್ಪಿನ ನೆರಳೇ ನುಂಗಿಬಿಡುತ್ತದೆ. ಹಾಗಾಗಿ ಹಿಂದಿನವರು ಬಳಸುದಾರಿ ಹಿಡಿದಿದ್ದರು. 1919ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಬೆನ್ನುಮೂಳೆಯ ನಾಳದ ಮೂಲಕ ಗಾಳಿ ತುಂಬಿ ಮಿದುಳಿನ ಪೊಳ್ಳುಗಳನ್ನು ಎಕ್ಸ್‌ರೇಯಲ್ಲಿ ಕಾಣಿಸುವ ವಿಧಾನ ತಂದರು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೋನಿಝ್ ರಕ್ತನಾಳಕ್ಕೆ ಬಣ್ಣಗಟ್ಟುವ ದ್ರವ ಬಿಟ್ಟು ನಾಳಗಳ ಚಿತ್ರ ಪಡೆದರು. ಗಾಳಿ ತುಂಬಿಸಿಕೊಂಡವರಿಗೆ ತಲೆ ಸಿಡಿದುಹೋಗುವಂಥ ನೋವು, ವಾಂತಿ, ದಿನಗಟ್ಟಲೆ ಹಾಸಿಗೆ. ಗಡ್ಡೆ ಎಲ್ಲಿದೆಯೆಂದು ಊಹಿಸಲು ಇಷ್ಟೆಲ್ಲ ಅನುಭವಿಸಬೇಕಾಗಿತ್ತು, ಅದೂ ಊಹೆಯಷ್ಟೇ. ಐವತ್ತು ವರ್ಷ ಹೀಗೇ ನಡೆಯಿತು.

ಇದನ್ನು ಮುಗಿಸಿದವರು ಒಬ್ಬ ರೈತನ ಮಗ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ 1919ರಲ್ಲಿ ಇಂಗ್ಲೆಂಡಿನ ನ್ಯೂವಾರ್ಕ್ ಎಂಬ ಊರಿನ ಬಳಿ ಹುಟ್ಟಿದರು. ಐದು ಮಕ್ಕಳಲ್ಲಿ ಕೊನೆಯವರು. ಹೊಲಮನೆಯ ಯಂತ್ರಗಳನ್ನು ಬಿಚ್ಚಿ ಕಟ್ಟುತ್ತಾ, ಕೈಯಾರೆ ರೆಕ್ಕೆ ಮಾಡಿಕೊಂಡು ಹುಲ್ಲಿನ ಮೆದೆಯ ಮೇಲಿಂದ ಹಾರಿ ನೋಡುತ್ತಾ ಬೆಳೆದ ಹುಡುಗ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರೇಡಾರ್ ಕಲಿತರು. ಡಾಕ್ಟರೇಟ್ ಮಾಡಲಿಲ್ಲ. 1951ರ ಹೊತ್ತಿಗೆ ಇ.ಎಂ.ಐ. ಕಂಪನಿ ಸೇರಿದ್ದರು. ಈ ಕಂಪನಿಯನ್ನು ನಮ್ಮ ಹಿರಿಯರು ಬೇರೆ ಗುರುತಿನಿಂದ ಬಲ್ಲರು. ಕಹಳೆಯ ಮುಂದೆ ನಾಯಿ ಕುಳಿತು ಕಿವಿಗೊಟ್ಟಿರುವ ಚಿತ್ರದ ಎಚ್.ಎಂ.ವಿ. ತಟ್ಟೆಗಳ ಒಡೆತನ ಇದರದೇ. 1884ರಲ್ಲಿ ಶುರುವಾದ ನಾಟಕ ಕಂಪನಿಯ ಊರಾದ ಗುಬ್ಬಿಯಲ್ಲಿ, ರಂಗಗೀತೆಗಳು ಗ್ರಾಮಫೋನಿನಿಂದ ಮನೆಗಳಿಗೆ ಬಂದ ಕಾಲವನ್ನು ಕಂಡವರು ಆ ನಾಯಿಯನ್ನು ಮರೆತಿರಲಾರರು. ಹಾಡು ಮಾರುತ್ತಿದ್ದ ಅದೇ ಕಂಪನಿ ಒಳಗೊಳಗೆ ಕಂಪ್ಯೂಟರನ್ನೂ ಕಟ್ಟುತ್ತಿತ್ತು. ಆ ತಂಡದ ಮುಂದಾಳು ಹೌನ್ಸ್‌ಫೀಲ್ಡ್.

1967ರಲ್ಲಿ ಅವರಿಗೆ ಹೊಳೆದದ್ದು ಇಷ್ಟು: ಮುಚ್ಚಿದ ಪೆಟ್ಟಿಗೆಯೊಂದನ್ನು ಎಲ್ಲ ದಿಕ್ಕಿನಿಂದಲೂ ಕಿರಣ ಹಾಯಿಸಿ ಅಳೆದರೆ, ಆ ಅಳತೆಗಳಿಂದಲೇ ಒಳಗೆ ಎಲ್ಲೆಲ್ಲಿ ಏನೇನಿದೆ ಎಂದು ಲೆಕ್ಕ ಹಾಕಬಹುದು.

ಹೇಗೆ ಎಂದು ಹುಡುಗಿ ಕೇಳಿದಳು. ಸೀಮೆಸುಣ್ಣ ತಗೊಂಡು ನೆಲದ ಮೇಲೆ ಚೌಕಾಬಾರದ ಮನೆಗಳ ಹಾಗೆ ನಾಲ್ಕು ಮನೆ ಬರೆದೆ. ಮೇಲೆ ಎರಡು, ಕೆಳಗೆ ಎರಡು. ಒಂದೊಂದು ಮನೆಯಲ್ಲೂ ಒಂದೊಂದು ಅಂಕಿ ಇದೆ, ಆದರೆ ಅದು ನಿನಗೆ ಕಾಣುವುದಿಲ್ಲ ಎಂದೆ. ಕಾಣುವುದು ಮೊತ್ತ ಮಾತ್ರ. ಮೇಲಿನ ಸಾಲು ಕೂಡಿದರೆ 7, ಕೆಳಗಿನ ಸಾಲೂ 7. ಎಡಗಡೆಯ ಕಂಬಸಾಲು 6, ಬಲಗಡೆಯದು 8. ಒಳಗಿನ ಅಂಕಿ ಹೇಳು.

ಅವಳು ಮೇಲೆ 3, 4, ಕೆಳಗೆ 3, 4 ಎಂದಳು. ಮೊತ್ತ ಸರಿಹೋಗುತ್ತದೆ, ಆದರೆ ನಾನು ಇಟ್ಟ ಅಂಕಿ ಅವಲ್ಲ. ಎರಡೇ ದಿಕ್ಕಿನಿಂದ ನೋಡಿದರೆ ಹೀಗೆ ಮೋಸಹೋಗುವುದು ಸಹಜ. ಆಗ ಮೂರನೆಯ ದಿಕ್ಕು ಕೊಟ್ಟೆ. ಎಡ ಮೇಲಿನ ಮನೆಯಿಂದ ಬಲ ಕೆಳಗಿನ ಮನೆಗೆ ಓರೆಯಾಗಿ ಕೂಡಿದರೆ 5. ಅವಳು ಎರಡು ನಿಮಿಷ ಒದ್ದಾಡಿದಳು. ಮೇಲೆ 2, 5. ಕೆಳಗೆ 4, 3. ಇದೊಂದೇ ಉತ್ತರ, ಬೇರೆ ಬರುವಂತಿಲ್ಲ.

ಸಿ.ಟಿ. ಎಂದರೆ ಇದೇ. ಸಿ ಎಂದರೆ ಲೆಕ್ಕ ಹಾಕಿದ್ದು, ಟಿ ಎಂದರೆ ಟೋಮೋಗ್ರಫಿ. ಗ್ರೀಕಿನ ಟೋಮೋಸ್ ಎಂದರೆ ಹೋಳು. ಲೆಕ್ಕದಿಂದ ಕೊಯ್ದ ಹೋಳು. ಕತ್ತಿಯಿಂದಲ್ಲ.

ಆದರೆ ಕಿರಣ ಮೊತ್ತವನ್ನು ಹೇಗೆ ಹೇಳುತ್ತದೆ? ಎಕ್ಸ್‌ರೇ ಒಂದೊಂದು ಪದರ ದಾಟಿದಾಗಲೂ ಬಂದದ್ದರಲ್ಲಿ ಇಂತಿಷ್ಟು ಪಾಲು ಅಲ್ಲೇ ಉಳಿದುಬಿಡುತ್ತದೆ. ಪದರವೊಂದು ಅರ್ಧ ಪಾಲು ಹಿಡಿದಿಟ್ಟುಕೊಳ್ಳುತ್ತದೆ ಎನ್ನಿ. 1000 ಕಣ ಹೊಕ್ಕರೆ ಒಂದು ಪದರದಾಚೆ 500, ಎರಡರಾಚೆ 250, ಮೂರರಾಚೆ 125. ಆಚೆ ನಿಂತ ಡಿಟೆಕ್ಟರ್‌ಗೆ 125 ಬಂತೆಂದರೆ ದಾರಿಯಲ್ಲಿ ಮೂರು ಪದರ ಇತ್ತೆಂದು ಅರ್ಥ. ಗುಣಾಕಾರವನ್ನು ಹೀಗೆ ಎಣಿಕೆಗೆ ತಿರುಗಿಸುವುದನ್ನೇ ನಾವು ಒಂಬತ್ತನೇ ಕ್ಲಾಸಿನ ಮೇಲೆ ಲಾಗರಿದಮ್ ಎಂದು ಕಲಿಸುವುದು. ಇದು ಯಾವುದಕ್ಕೆ ಉಪಯೋಗ ಸಾರ್ ಎಂದು ಮಕ್ಕಳು ಕೇಳುತ್ತಿದ್ದ ಪ್ರಶ್ನೆಗೆ ನನ್ನ ಕೈಲಿದ್ದ ಅತ್ಯಂತ ಒಳ್ಳೆಯ ಉತ್ತರ ಸಿ.ಟಿ.ಯೇ ಆಗಿತ್ತು. ಪ್ರತಿ ಅಳತೆಯ ಲಾಗ್ ತೆಗೆದರೆ ಕಿರಣ ಹಾದ ದಾರಿಯ ಮನೆಗಳ ಮೊತ್ತ ಕೈಗೆ ಸಿಗುತ್ತದೆ.

ಹೌನ್ಸ್‌ಫೀಲ್ಡ್ ಮೊದಲು ಹಳೆಯ ಲೇತ್ ಯಂತ್ರದ ಹಲಗೆಯ ಮೇಲೆ ಪ್ರಯೋಗ ಕಟ್ಟಿದರು. ಕಿರಣಕ್ಕೆ ಅಮೆರಿಸಿಯಂ ಎಂಬ ವಿಕಿರಣ ಧಾತು. ಅದು ಎಷ್ಟು ಮಂದವೆಂದರೆ ಒಂದು ಹೋಳಿಗೆ ಬೇಕಾದ 28,000 ಅಳತೆಗೆ ಒಂಬತ್ತು ದಿನ ಹಿಡಿಯಿತು. ಕಂಪ್ಯೂಟರಿನಲ್ಲಿ ಲೆಕ್ಕಕ್ಕೆ ಎರಡೂವರೆ ಗಂಟೆ. ಎಕ್ಸ್‌ರೇ ಕೊಳವೆ ಹಾಕಿದ ಮೇಲೆ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು. ಕಸಾಯಿಖಾನೆಯಿಂದ ತಂದ ಎತ್ತಿನ ಮಿದುಳು, ಸಂಗ್ರಹಾಲಯದ ಮನುಷ್ಯನ ಮಿದುಳು, ಹೀಗೆ ಒಂದೊಂದೇ ಇಟ್ಟು ನೋಡಿದರು. ಕೊನೆಗೆ ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಜೇಮ್ಸ್ ಆಂಬ್ರೋಸ್ ಎಂಬ ರೇಡಿಯಾಲಜಿಸ್ಟರ ಜತೆ, 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಸ್ಕ್ಯಾನ್ ಆಯಿತು. ಮಿದುಳಿನ ಮುಂಭಾಗದಲ್ಲಿ ಗಡ್ಡೆಯಿರಬಹುದೆಂಬ ಅನುಮಾನವಿದ್ದ ಹೆಂಗಸು. ತಲೆಯ ಸುತ್ತ ನೀರಿನ ಚೀಲ, ಡಿಗ್ರಿಗೊಂದರಂತೆ 180 ದಿಕ್ಕು, ದಿಕ್ಕಿಗೆ 160 ಅಳತೆ, ಒಟ್ಟು 28,800. ಚಿತ್ರದಲ್ಲಿ ಉದ್ದಕ್ಕೆ 80, ಅಗಲಕ್ಕೆ 80, ಒಟ್ಟು 6,400 ಮನೆ. ನೆಲದ ಮೇಲಿನ ನಮ್ಮ ನಾಲ್ಕು ಮನೆಯ ಆಟವೇ, 6,400 ಮನೆಗೆ ಬೆಳೆದದ್ದು. ಟೇಪನ್ನು ಕಂಪನಿಗೆ ಕಳಿಸಿ ಲೆಕ್ಕ ಮಾಡಿಸಬೇಕಾಗಿತ್ತು. ಚಿತ್ರ ಬಂದಾಗ ಗಡ್ಡೆ ಕಂಡಿತು. ಬುರುಡೆ ತೆರೆದ ಶಸ್ತ್ರವೈದ್ಯರಿಗೂ ಚಿತ್ರ ತೋರಿಸಿದ ಜಾಗದಲ್ಲೇ ಅದು ಸಿಕ್ಕಿತು.

ಇಲ್ಲಿ ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ದಕ್ಷಿಣ ಆಫ್ರಿಕಾದ ಆಲನ್ ಕಾರ್ಮ್ಯಾಕ್ 1956ರಲ್ಲಿ ಕೇಪ್‌ಟೌನ್‌ನ ಖ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ವಾರಕ್ಕೆ ಒಂದೂವರೆ ದಿನ ಭೌತವಿಜ್ಞಾನಿಯಾಗಿ ಕೆಲಸ ಮಾಡುತ್ತಿದ್ದಾಗ ಇದೇ ಪ್ರಶ್ನೆ ಅವರ ತಲೆ ಹೊಕ್ಕಿತು. ಅಲ್ಯೂಮಿನಿಯಂ ಬಿಲ್ಲೆಯ ಸುತ್ತ ಓಕ್ ಮರದ ಉಂಗುರ ಕೂರಿಸಿ ಅಳೆದರು, ಗಣಿತ ಬಿಡಿಸಿದರು, 1963 ಮತ್ತು 1964ರಲ್ಲಿ ಪ್ರಕಟಿಸಿದರು. ವೈದ್ಯಲೋಕದಿಂದ ಒಬ್ಬರೂ ತಿರುಗಿ ನೋಡಲಿಲ್ಲ. ಪ್ರತಿ ಕೇಳಿ ಬಂದ ಪತ್ರಗಳಲ್ಲಿ ಅವರ ನೆನಪಿನಲ್ಲಿ ಉಳಿದದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಅಧ್ಯಯನ ಕೇಂದ್ರದ್ದು. ಇನ್ನೂ ಹಿಂದೆ, 1917ರಲ್ಲೇ, ಯೊಹಾನ್ ರಾಡಾನ್ ಎಂಬ ಆಸ್ಟ್ರಿಯಾದ ಗಣಿತಜ್ಞರು ಇದರ ಗಣಿತವನ್ನು ಪೂರ್ತಿ ಬಿಡಿಸಿಟ್ಟಿದ್ದರು. ಕಾರ್ಮ್ಯಾಕ್‌ಗೆ ಅದು ತಿಳಿದದ್ದು ತಮ್ಮ ಕೆಲಸ ಶುರುವಾಗಿ ಹದಿನಾಲ್ಕು ವರ್ಷದ ಮೇಲೆ. 1979ರ ವೈದ್ಯಕೀಯ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ ಬಂತು.

ಈಗ ಬೆಂಗಳೂರಿಗೆ ಬರೋಣ. ನನಗೆ ಹೇಳಬೇಕಾಗಿರುವುದರ ತಿರುಳಿರುವುದು ಅಲ್ಲೇ.

ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಕೇರಳದ ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದವರನ್ನು ಸಿ.ವಿ. ರಾಮನ್ ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಸೆಳೆದುಕೊಂಡರು. ಕೇಂಬ್ರಿಜ್‌ನಲ್ಲಿ ಎರಡು ವರ್ಷ, ಮತ್ತೆ ಬೆಂಗಳೂರು, 1952ರಿಂದ ಮದ್ರಾಸ್. ಅಲ್ಲಿ 1954ರಲ್ಲಿ ಗೋಪಿನಾಥ್ ಕರ್ತ ಅವರ ಜತೆ, ನಮ್ಮ ಚರ್ಮ ಸ್ನಾಯುರಜ್ಜುಗಳ ಮೂಲವಸ್ತುವಾದ ಕೊಲಾಜೆನ್ ಮೂರೆಳೆಯ ಹುರಿಯ ಹಾಗೆ ಹೆಣೆದುಕೊಂಡಿದೆಯೆಂದು ತೋರಿಸಿದರು. 1963ರಲ್ಲಿ ಹೊರಬಂದ ರಾಮಚಂದ್ರನ್ ನಕ್ಷೆಯಿಲ್ಲದೆ ಇವತ್ತಿಗೂ ಪ್ರೋಟೀನಿನ ರಚನೆಯನ್ನು ಯಾರೂ ಪರೀಕ್ಷಿಸುವುದಿಲ್ಲ. 1970-71ರ ಸುಮಾರಿಗೆ ಬೆಂಗಳೂರಿಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಅದೇ ಕಾಲಕ್ಕೆ ಷಿಕಾಗೋ ವಿಶ್ವವಿದ್ಯಾಲಯದ ಜತೆಗೂ ನಂಟಿತ್ತು.

ಇವರ ಕೆಲಸ ಆಸ್ಪತ್ರೆಯದಲ್ಲ. ಅಣುಗಳ ಒಳಗಿನ ರಚನೆಯನ್ನು ಎಕ್ಸ್‌ರೇ ಚದುರಿದ ಗುರುತುಗಳಿಂದ ಲೆಕ್ಕ ಹಾಕಿ ತಿಳಿಯುವುದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಾಣುವ ವೈರಸ್‌ನಂಥವುಗಳ ಆಕಾರ ಹಿಡಿಯುವವರಿಗೂ ಕಷ್ಟ ಒಂದೇ: ಸಿಗುವುದು ಚಪ್ಪಟೆ ನೆರಳು, ಬೇಕಾಗಿರುವುದು ಇಡೀ ಆಕಾರ. 1968ರಲ್ಲಿ ಕೇಂಬ್ರಿಜ್‌ನ ಡಿರೋಸಿಯರ್ ಮತ್ತು ಆರನ್ ಕ್ಲೂಗ್ ಇದಕ್ಕೆ ಫೋರಿಯರ್ ಗಣಿತ ಬಳಸಿದ್ದರು. ಫೋರಿಯರ್ ಎಂದರೆ ಪ್ರತಿ ನೆರಳನ್ನೂ ಅಲೆಗಳಾಗಿ ಬಿಡಿಸಿ, ಅಲೆಗಳನ್ನೆಲ್ಲ ಬೇರೆಡೆ ಜೋಡಿಸಿ, ಮತ್ತೆ ಚಿತ್ರಕ್ಕೆ ತಿರುಗಿಸುವ ಸುತ್ತುದಾರಿ. ಅಂದಿನ ಕಂಪ್ಯೂಟರಿಗೆ ಅದು ಬಲು ಭಾರ. ಜೀವಮಾನವೆಲ್ಲ ಫೋರಿಯರ್‌ನಲ್ಲೇ ಪಳಗಿದ್ದ ರಾಮಚಂದ್ರನ್ ಅದನ್ನು ಬಿಟ್ಟೇ ಉತ್ತರ ತಲುಪುವ ದಾರಿ ಹುಡುಕಿದರು. ಎ.ವಿ. ಲಕ್ಷ್ಮೀನಾರಾಯಣನ್ ಅವರ ಜತೆ ಬರೆದ ಆ ಲೇಖನ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ 1971ರ ಸೆಪ್ಟೆಂಬರಿನಲ್ಲಿ ಬಂತು. ವಿಂಬಲ್ಡನ್‌ನ ಆ ಹೆಂಗಸಿನ ತಲೆಯ ಸ್ಕ್ಯಾನ್ ಮರುತಿಂಗಳ ಮೊದಲ ದಿನ. ಇಲ್ಲಿನವರಿಗೆ ಅಲ್ಲಿನದು ಗೊತ್ತಿಲ್ಲ, ಅಲ್ಲಿನವರಿಗೆ ಇಲ್ಲಿನದು ಗೊತ್ತಿಲ್ಲ.

ಅವರು ಮಾಡಿದ್ದೇನು? ಹುಡುಗಿ ಬಾಯಿಪಾಠ ಮಾಡಿದ್ದ ಐದು ಮಾರ್ಕಿನ ಉತ್ತರವನ್ನು ಕಾಯಿಯ ಮೇಲೆ ಬಿಡಿಸಿ ನೋಡೋಣ. ತೆಂಗಿನಕಾಯಿಯ ನಟ್ಟನಡುವೆ ಒಂದು ಮೊಳೆ ಸಿಕ್ಕಿಕೊಂಡಿದೆ ಎನ್ನಿ. ಯಾವ ದಿಕ್ಕಿನಿಂದ ಕಿರಣ ಬಿಟ್ಟರೂ ನೆರಳಿನಲ್ಲಿ ಒಂದು ಕಡೆ ಮುಳ್ಳಿನಂತೆ ಏರು ಕಾಣುತ್ತದೆ. ಮೊಳೆ ಎಲ್ಲಿದೆಯೆಂದು ತಿಳಿಯಲು ಸುಲಭದ ಉಪಾಯವೆಂದರೆ ಆ ಏರನ್ನು ಕಿರಣ ಬಂದ ದಾರಿಯುದ್ದಕ್ಕೂ ಹಿಂದಕ್ಕೆ ಬಳಿಯುವುದು. ಹತ್ತು ದಿಕ್ಕಿನಿಂದ ಹತ್ತು ಗೆರೆ ಬಳಿದರೆ ಎಲ್ಲವೂ ಮೊಳೆಯ ಜಾಗದಲ್ಲಿ ಒಂದನ್ನೊಂದು ದಾಟುತ್ತವೆ. ಅಲ್ಲಿ ಬೆಳಕು ಹೆಚ್ಚು. ಇದಕ್ಕೆ ಬ್ಯಾಕ್ ಪ್ರೊಜೆಕ್ಷನ್ ಎನ್ನುತ್ತಾರೆ. ತೊಂದರೆ ಇಷ್ಟೇ, ಬಳಿದ ಗೆರೆಗಳು ಅಳಿಯುವುದಿಲ್ಲ. ದಿಕ್ಕು ಹೆಚ್ಚಿದಷ್ಟೂ ಅವು ಸೇರಿಕೊಂಡು, ಮಾಗಿಯ ಮಂಜಿನಲ್ಲಿ ಬೀದಿದೀಪದ ಸುತ್ತ ಕಾಣುವಂಥ ಮಬ್ಬಾಗುತ್ತವೆ. ನಡುವಿನಿಂದ ಎರಡರಷ್ಟು ದೂರ ಹೋದರೆ ಮಬ್ಬು ಅರ್ಧಕ್ಕೆ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಒಂದು ಮೊಳೆಯಾದರೆ ಸಹಿಸಬಹುದು. ಮಿದುಳಿನಲ್ಲಿ ಪ್ರತಿ ಚುಕ್ಕಿಯೂ ತನ್ನ ಸುತ್ತ ಹೀಗೆ ಮಬ್ಬು ಚೆಲ್ಲಿದರೆ ಉಳಿಯುವುದು ಬರೀ ಮಂಜು.

ಬಳಿಯುವ ಮೊದಲೇ ಮಬ್ಬಿನ ಬಾಕಿ ತೀರಿಸಿಬಿಡುವುದು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅವರ ದಾರಿ. ನೆರಳಿನ ಒಂದೊಂದು ಅಳತೆಗೂ ಒಂದು ಜಮಾಖರ್ಚು. ನಡುವೆ 1 ಜಮಾ. ಅದರ ಎಡಕ್ಕೂ ಬಲಕ್ಕೂ ತಲಾ ಸುಮಾರು 0.405 ಕಳೆ. ಅದರಾಚೆ ಏನೂ ಇಲ್ಲ, 0. ಮೂರನೆಯದರಲ್ಲಿ ತಲಾ 0.045 ಕಳೆ. ಮತ್ತೆ 0. ಐದನೆಯದರಲ್ಲಿ 0.016. ಹೀಗೆ ಒಂದು ಬಿಟ್ಟು ಒಂದು, ಸಣ್ಣದಾಗುತ್ತಾ ಸಾಗುತ್ತದೆ. ಗಣಿತ ಬಲ್ಲವರಿಗೆ ಇದರ ಗುಟ್ಟು ಹೇಳಿಬಿಡುತ್ತೇನೆ: ನಾಲ್ಕನ್ನು ಪೈ ವರ್ಗದಿಂದ ಭಾಗಿಸಿದರೆ 0.405 ಬರುತ್ತದೆ, ಅದನ್ನು ಮೂರರ ವರ್ಗ, ಐದರ ವರ್ಗದಿಂದ ಭಾಗಿಸುತ್ತಾ ಹೋದರೆ ಉಳಿದವು. ಕೊನೆಯಿಲ್ಲದ ಈ ಕಳೆಗಳನ್ನೆಲ್ಲ ಎರಡೂ ಕಡೆ ಕೂಡಿದರೆ ಸರಿಯಾಗಿ 1. ಜಮಾ ಎಷ್ಟೋ ಖರ್ಚೂ ಅಷ್ಟೇ. ಹೀಗೆ ತಿದ್ದಿದ ನೆರಳನ್ನು ಹಿಂದಕ್ಕೆ ಬಳಿದಾಗ ಏರಿನ ಪಕ್ಕದಲ್ಲಿ ಕಳೆಯೂ ಬಳಿದುಕೊಳ್ಳುತ್ತದೆ. ಒಂದು ದಿಕ್ಕಿನ ಮಬ್ಬನ್ನು ಉಳಿದ ದಿಕ್ಕುಗಳ ಕಳೆ ತಿಂದುಹಾಕುತ್ತದೆ. ಮೊಳೆ ಮೊಳೆಯಾಗಿಯೇ ನಿಲ್ಲುತ್ತದೆ.

ಹೈಸ್ಕೂಲಿನ ಕೂಡು-ಕಳೆ-ಗುಣಿಸು ಬಲ್ಲವರೂ ಕಾಗದದ ಮೇಲೆ ಮಾಡಬಹುದಾದಷ್ಟು ಸರಳ. ಈ ಸರಳತೆಯೇ ಅದರ ಬೆಲೆ. ಹೌನ್ಸ್‌ಫೀಲ್ಡರ ಮೊದಲ ಯಂತ್ರ ಎಲ್ಲ ಅಳತೆಗಳನ್ನೂ ಕಲೆಹಾಕಿ, ಊಹಿಸಿ, ತಿದ್ದಿ, ಮತ್ತೆ ಊಹಿಸಿ ಉತ್ತರ ಕಟ್ಟುತ್ತಿತ್ತು. ಈ ಹೊಸ ದಾರಿಯಲ್ಲಿ ಒಂದು ದಿಕ್ಕಿನ ನೆರಳು ಬಂದ ಕೂಡಲೇ ಅದನ್ನು ತಿದ್ದಿ ಬಳಿದುಬಿಡಬಹುದು. ಕೊನೆಯ ನೆರಳು ಬರುವ ಹೊತ್ತಿಗೆ ಚಿತ್ರ ಹೆಚ್ಚುಕಡಿಮೆ ತಯಾರು. ಮುಂದಿನ ಕೆಲವೇ ವರ್ಷಗಳಲ್ಲಿ ಸಿ.ಟಿ. ಯಂತ್ರಗಳು ಈ ಬಗೆಯ ಲೆಕ್ಕಕ್ಕೆ ತಿರುಗಿದವು, ದಶಕಗಟ್ಟಲೆ ಅದರಲ್ಲೇ ನಡೆದವು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಆಕಾಶದ ರೇಡಿಯೋ ಅಲೆಗಳನ್ನು ಅಳೆಯುತ್ತಿದ್ದ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದೇ ವಿಧಾನ ಬರೆದಿದ್ದರು. ಒಂದೇ ಬಾವಿಯ ನೀರಿಗೆ ಬೇರೆ ಬೇರೆ ಕಡೆಯಿಂದ ಸುರಂಗ ತೋಡಿದವರು ಇವರೆಲ್ಲ. ರಾಮ್-ಲ್ಯಾಕ್‌ಗೆ ಒಂದು ಕೊರತೆಯೂ ಉಂಟು. ಅಂಚುಗಳನ್ನು ಚೂಪಾಗಿ ಎತ್ತಿ ತೋರಿಸುವ ಭರದಲ್ಲಿ ಚಿತ್ರದ ಮರಳುಮರಳಾದ ಗದ್ದಲವನ್ನೂ ಎತ್ತಿ ತೋರಿಸುತ್ತದೆ. ಅದಕ್ಕೆ 1974ರಲ್ಲಿ ಷೆಪ್ ಮತ್ತು ಲೋಗನ್ ಅದನ್ನೇ ಸ್ವಲ್ಪ ಮೆತ್ತಗೆ ಮಾಡಿದರು. ಇವತ್ತು ಕನ್ಸೋಲಿನ ಮುಂದೆ ಕೂತ ಟೆಕ್ನಾಲಜಿಸ್ಟ್ ಮೂಳೆಗೆ ಚೂಪಾದ ಕರ್ನಲ್, ಮಿದುಳಿಗೆ ಮೆದುವಾದ ಕರ್ನಲ್ ಎಂದು ಆರಿಸಿಕೊಳ್ಳುತ್ತಾರಲ್ಲ, ಅವೆಲ್ಲ ಇದೇ ಜಮಾಖರ್ಚಿನ ಬೇರೆ ಬೇರೆ ಪಟ್ಟಿಗಳು. ಕಂಪ್ಯೂಟರಿನ ಬಲ ಹೆಚ್ಚಿದ ಈಚಿನ ವರ್ಷಗಳಲ್ಲಿ, ಕಡಿಮೆ ಕಿರಣದಲ್ಲಿ ಒಳ್ಳೆಯ ಚಿತ್ರ ಪಡೆಯಲು, ಹೌನ್ಸ್‌ಫೀಲ್ಡರ ಊಹಿಸಿ ತಿದ್ದುವ ಹಳೆಯ ದಾರಿಯೇ ಹೊಸ ರೂಪದಲ್ಲಿ ಮರಳಿ ಬಂದಿದೆ.

ಯಂತ್ರದ ಮೈಯೂ ಬದಲಾಯಿತು. ಮೊದಲಿನ ಯಂತ್ರಗಳಲ್ಲಿ ಎಕ್ಸ್‌ರೇ ಕೊಳವೆಗೆ ಕರೆಂಟಿನ ಕೇಬಲ್ ಕಟ್ಟಿರುತ್ತಿದ್ದರಿಂದ ಒಂದು ಸುತ್ತು ಹೋದದ್ದು ವಾಪಸು ತಿರುಗಲೇಬೇಕಿತ್ತು. 1980ರ ದಶಕದ ಕೊನೆಯಲ್ಲಿ ಸ್ಲಿಪ್ ರಿಂಗ್ ಬಂದು ಕೇಬಲಿನ ಗಂಟು ಬಿಡಿಸಿತು. ಗಾಣದೆತ್ತಿನ ಹಾಗೆ ಕೊಳವೆ ಒಂದೇ ಸಮನೆ ಸುತ್ತುತ್ತಿರಲು, ರೋಗಿ ಮಲಗಿದ ಮಂಚ ನಿಧಾನ ಒಳಕ್ಕೆ ಸರಿಯುತ್ತದೆ. ಕಿರಣದ ದಾರಿ ಸುರುಳಿ ಸುರುಳಿ. ಜರ್ಮನಿಯ ವಿಲಿ ಕಾಲೆಂಡರ್ 1989ರಲ್ಲಿ ಈ ಸುರುಳಿ ಸ್ಕ್ಯಾನಿನ ಫಲಿತಾಂಶ ಮುಂದಿಟ್ಟರು. 1998ರಲ್ಲಿ ಒಂದೇ ಸುತ್ತಿಗೆ ನಾಲ್ಕು ಹೋಳು, 2004ರ ಹೊತ್ತಿಗೆ 64. ಒಂಬತ್ತು ದಿನದ ಕೆಲಸ ಈಗ ಉಸಿರು ಹಿಡಿದು ಬಿಡುವಷ್ಟರಲ್ಲಿ ಮುಗಿಯುತ್ತದೆ.

ಲೆಕ್ಕ ಮುಗಿದಾಗ ಪ್ರತಿ ಮನೆಯಲ್ಲೂ ಒಂದು ಅಂಕಿ ಕೂತಿರುತ್ತದೆ. ಅದಕ್ಕೆ ಹೌನ್ಸ್‌ಫೀಲ್ಡ್ ಯೂನಿಟ್ ಎಂದು ಹೆಸರು. ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು, ಮಿದುಳು 30ರಿಂದ 40, ಆಗತಾನೇ ಹೆಪ್ಪುಗಟ್ಟಿದ ರಕ್ತ 50ರಿಂದ 80, ಗಟ್ಟಿ ಮೂಳೆ 1000 ಮತ್ತು ಅದಕ್ಕೂ ಮೇಲೆ. ಇಷ್ಟು ದೊಡ್ಡ ಹರವನ್ನು ಕಪ್ಪಿನಿಂದ ಬಿಳಿಯವರೆಗೆ ಒಟ್ಟಿಗೆ ಹಂಚಿದರೆ ಮಿದುಳಿಗೂ ರಕ್ತಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ನಿಲ್ಲುವುದಿಲ್ಲ. ಅದಕ್ಕೇ ವಿಂಡೋ. ಮಿದುಳು ನೋಡುವಾಗ 0ಯಿಂದ 80ರವರೆಗಿನ ಕಿಟಕಿ ಮಾತ್ರ ತೆರೆದು, ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ ಎಂದುಬಿಡುತ್ತಾರೆ. ಅದೇ ಅಂಕಿಗಳ ಮೇಲೆ ಮೂಳೆಯ ಕಿಟಕಿ ತೆರೆದರೆ ಬುರುಡೆಯ ಬಿರುಕು ಕಾಣುತ್ತದೆ. ರೋಗಿಯನ್ನು ಮತ್ತೆ ಮಲಗಿಸಬೇಕಿಲ್ಲ.

ನಮ್ಮ ಸೀಮೆಗೆ ಇದು ಎಷ್ಟು ದೊಡ್ಡ ವಿಷಯವೆಂದು ಕಾಯಿ ಕೀಳುವವರ ಮನೆಯವರನ್ನು ಕೇಳಬೇಕು. ಮರದಿಂದ ಬಿದ್ದವರು, ಬಿ.ಎಚ್. ರಸ್ತೆಯಲ್ಲಿ ಬೈಕಿನಿಂದ ಬಿದ್ದವರು ಮಾತಾಡುತ್ತಲೇ ಇರುತ್ತಾರೆ. ಒಳಗೆ ಬುರುಡೆಗೂ ಮಿದುಳಿಗೂ ನಡುವೆ ರಕ್ತ ಸೋರುತ್ತಿರುತ್ತದೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ಅಲ್ಲಿಂದ ಬೆಂಗಳೂರಿಗೆ 70. ತುಮಕೂರಿನಲ್ಲೇ ಸಿ.ಟಿ. ಆಗುತ್ತಿರುವುದರಿಂದ, ನಿಮ್ಹಾನ್ಸ್‌ಗೆ ಒಯ್ಯಲೇಬೇಕೇ ಬೇಡವೇ ಎಂಬುದು ಆ 20 ಕಿಲೋಮೀಟರಿನ ಕೊನೆಯಲ್ಲೇ ಗೊತ್ತಾಗುತ್ತದೆ. ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ವಯಸ್ಸಾದವರು ಎಂದೋ ಜಾರಿ ಬಿದ್ದು ಮರೆತಿರುತ್ತಾರೆ, ವಾರಗಳ ಮೇಲೆ ಮಂಕಾಗುತ್ತಾರೆ. ಅವರಲ್ಲಿ ಹಳೆಯ ರಕ್ತ ಕಪ್ಪಿಗೆ ತಿರುಗಿರುತ್ತದೆ. ಅವೆರಡರ ನಡುವಿನ ಎರಡನೆಯ, ಮೂರನೆಯ ವಾರದಲ್ಲಿ ರಕ್ತದ ಅಂಕಿ ಮಿದುಳಿನ ಅಂಕಿಗೆ ಸಮನಾಗಿ ಕಣ್ಣಿಗೇ ಬೀಳದೆ ಹೋಗಬಹುದು. ಅದಕ್ಕೇ ಬಿದ್ದದ್ದು ಯಾವಾಗ ಎಂದು ಟೆಕ್ನಾಲಜಿಸ್ಟ್ ಕೇಳಿ ಬರೆದುಕೊಳ್ಳಬೇಕು ಎಂದು ಹುಡುಗಿಗೆ ಒತ್ತಿ ಹೇಳಿದೆ. ಪಾರ್ಶ್ವವಾಯು ಬಡಿದವರ ವಿಷಯವೂ ಹಾಗೆಯೇ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆದರೆ ಒಳಗೆ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಎರಡರಲ್ಲಿ ಯಾವುದೆಂದು ಹೊರಗಿನಿಂದ ಯಾವ ವೈದ್ಯರೂ ಖಚಿತ ಹೇಳಲಾರರು. 50 ಮತ್ತು 35 ಎಂಬ ಎರಡು ಅಂಕಿಗಳ ವ್ಯತ್ಯಾಸ ಹೇಳುತ್ತದೆ.

ಕಿರಣ ಪುಕ್ಕಟೆಯಲ್ಲ ಎಂಬುದನ್ನೂ ಹೇಳಲೇಬೇಕು. ತಲೆಯ ಒಂದು ಸಿ.ಟಿ.ಗೆ ಸುಮಾರು 2 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ತಾನಾಗಿ ಬರುವ ಜಾಗತಿಕ ಸರಾಸರಿ 2.4. ಬೇಕಾದಾಗ ಇದು ಏನೂ ಅಲ್ಲ, ಬೇಡದಾಗ ಅಷ್ಟೂ ಹೆಚ್ಚೇ. ತಲೆನೋವೆಂದರೆ ಸ್ಕ್ಯಾನ್ ಮಾಡಿಸಿಬಿಡಿ ಎನ್ನುವ ಮಾತು ನಮ್ಮಲ್ಲಿ ಬೆಳೆಯುತ್ತಿರುವುದು ಒಳ್ಳೆಯದಲ್ಲ. ಮಕ್ಕಳ ವಿಷಯದಲ್ಲಂತೂ ದೊಡ್ಡವರ ಸೆಟ್ಟಿಂಗಿನಲ್ಲೇ ಕಿರಣ ಬಿಡುವುದು ತಪ್ಪು. ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ಮೈಗೆ ತಾಗಿದ ಕಿರಣ ಅಳೆಯುವ ಎದೆಯ ಮೇಲಿನ ಟಿ.ಎಲ್.ಡಿ. ಬ್ಯಾಡ್ಜು ಬರೀ ಕಾಗದದ ಕೆಲಸವೆಂದು ಕಲಿಯುವ ಮಕ್ಕಳು ತಿಳಿಯಬಾರದು.

ರಾಮಚಂದ್ರನ್ 2001ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಹೌನ್ಸ್‌ಫೀಲ್ಡ್ 2004ರಲ್ಲಿ.

ಹೊತ್ತಿಳಿಯುವ ಹೊತ್ತಿಗೆ ನೆಲದ ಮೇಲೆಲ್ಲ ಸೀಮೆಸುಣ್ಣದ ಅಂಕಿ. ಹುಡುಗಿ ಜಮಾಖರ್ಚಿನ ಪಟ್ಟಿಯನ್ನು ತಾನೇ ಇನ್ನೊಮ್ಮೆ ಬರೆದು, ಒಂದು ಮೊಳೆಗೆ ನಾಲ್ಕು ದಿಕ್ಕಿನಿಂದ ಬಳಿದು ನೋಡಿ, ಮಬ್ಬು ಕಳೆಯುವುದನ್ನು ಕೈಯಾರೆ ಕಂಡಳು. ಅಮ್ಮ ಮೇಲಿನಿಂದ ಕೇಳಿದರು: “ಪುಟ್ಟಿ, ನಿನ್ನ ಮಿಷನ್ನಿಗೆ ಈ ಕಾಯಿ ಕೊಟ್ಟರೆ ಆಗಿದೆಯೋ ಇಲ್ವೋ ಹೇಳ್ತದಾ?”

“ಹೇಳುತ್ತೆ ಅಜ್ಜಿ. ನೀರಿದ್ರೆ ಸೊನ್ನೆ ಹತ್ತಿರ ಬರುತ್ತೆ. ನೀರು ಇಂಗಿ ಗಾಳಿ ತುಂಬಿದ್ರೆ ಮೈನಸ್ ಸಾವಿರ. ಉಂಡೆ ಬಿಟ್ಟಿದ್ರೆ ಚಿಪ್ಪಿಗೂ ತಿರುಳಿಗೂ ಮಧ್ಯೆ ಕಪ್ಪು ಗೆರೆ ಕಾಣುತ್ತೆ.”

ಅಮ್ಮ ಕೈಯಲ್ಲಿದ್ದ ಕಾಯನ್ನು ಮತ್ತೊಮ್ಮೆ ಅಲ್ಲಾಡಿಸಿ ಬಲಗಡೆಗೆ ಇಟ್ಟರು. “ಇದಿನ್ನೂ ಎರಡು ತಿಂಗಳು.”

ಹುಡುಗಿ ನೋಟ್ಸಿನಲ್ಲಿ ರಾಮ್-ಲ್ಯಾಕ್ ಎಂದಿದ್ದ ಕಡೆ ಎರಡು ಪೂರ್ತಿ ಹೆಸರು ಬರೆದು, ಪಕ್ಕದಲ್ಲಿ “ಬೆಂಗಳೂರು–12, 1971” ಎಂದು ಸೇರಿಸಿದಳು. ಸೋಮವಾರ ಬೆಳಗಿನ ರೈಲಿಗೆ ಯಶವಂತಪುರಕ್ಕೇ ಟಿಕೆಟು ತೆಗೆಸಬೇಕೆಂದಳು.